ದಾಂಪತ್ಯಕ್ಕೂ ಪರವಾನಗಿ ಬೇಕೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ಈ ಗಾದೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಸಾಲನ್ನು ಸೇರಿಸಬೇಕಾಗಿ ಬಂದಿದೆ: 'ಸಂಗಾತಿಯನ್ನು ಸೇರಲು ವೀಸಾ ಪಡೆದು ನೋಡು'. ಚನ್ನಗಿರಿಯ ಅಡಿಕೆ ತೋಟಗಳ ನಡುವಿನಿಂದ, ಹೊನ್ನಾಳಿಯ ಹೊಳೆಯ ದಂಡೆಯಿಂದ, ನ್ಯಾಮತಿಯ ಮೆಕ್ಕೆಜೋಳದ ಹೊಲಗಳಿಂದ, ಮಳೆಗಾಗಿ ಮುಗಿಲು ನೋಡುವ ಜಗಳೂರು ಸೀಮೆಯಿಂದ ಹೊರದೇಶಕ್ಕೆ ಹೋದ ಮಕ್ಕಳು ಇಂದು ಇದ್ದಾರೆ. ಅವರು ಹೋಗುವುದು ಒಬ್ಬೊಬ್ಬರಾಗಿ. ಗಂಡ ಹೆಂಡತಿ ಒಂದಾಗಿ ಬಾಳಲು ಮಾತ್ರ ಎರಡು ಸರ್ಕಾರಗಳ ಮುದ್ರೆ ಬೇಕು.

ಈ ವಿಷಯವನ್ನು ಕುರಿತು ಬರೆಯಲು ನನಗೊಂದು ಕಾರಣವಿದೆ. ಅದು ನನ್ನದೇ ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ಲೇಸು.

ಕೆಲವು ವರ್ಷಗಳ ಹಿಂದೆ ಮೇ ತಿಂಗಳ 9ರಂದು ನಮ್ಮ ಕಡೆಯ ಒಬ್ಬ ತರುಣನಿಗೂ ಶುಶ್ರೂಷಕಿಯಾಗಿದ್ದ ಒಬ್ಬ ಯುವತಿಗೂ ನಾನೇ ವಿವಾಹ ಸಂಸ್ಕಾರವನ್ನು ನೆರವೇರಿಸಿದೆ. ಮದುವೆಯಾದ ಕೆಲವೇ ತಿಂಗಳಲ್ಲಿ ಆಕೆಗೆ ಹೊರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಆಕೆ ಹೊರಟಳು. ಗಂಡ ತೋಟ ನೋಡಿಕೊಂಡು ಉಳಿದ; ಒಂದು ವರ್ಷದ ನಂತರ ಅವಳನ್ನು ಸೇರಲು ಅರ್ಜಿ ಹಾಕಿದ. ಅದಕ್ಕೆ ಬೇಕಾದ ಚರ್ಚಿನ ವಿವಾಹ ಪ್ರಮಾಣಪತ್ರವನ್ನು ನಾನು ಬರೆದುಕೊಟ್ಟೆ. ನಮ್ಮ ಧರ್ಮಕೇಂದ್ರದ ಪುಸ್ತಕದಲ್ಲಿ ಹಳೆಯ ರೂಢಿಯಂತೆ ದಿನಾಂಕಗಳನ್ನು ಕನ್ನಡ ಅಂಕಿಗಳಲ್ಲಿ ಬರೆಯುತ್ತೇವೆ. ಕನ್ನಡದ ಆರಕ್ಕೂ ಒಂಬತ್ತಕ್ಕೂ, ೬ಕ್ಕೂ ೯ಕ್ಕೂ, ಇರುವ ವ್ಯತ್ಯಾಸ ಒಂದು ತಿರುವು ಮಾತ್ರ. ಸಂಜೆಯ ಮಂದ ಬೆಳಕಿನಲ್ಲಿ ಅವಸರದಿಂದ ನಕಲು ಮಾಡಿದ ನಾನು ಒಂಬತ್ತನ್ನು ಆರು ಎಂದು ಓದಿ, ಇಂಗ್ಲಿಷ್ ಪ್ರಮಾಣಪತ್ರದಲ್ಲಿ ಮೇ 6 ಎಂದು ಬರೆದು, ಸಹಿ ಮಾಡಿ, ಧರ್ಮಕೇಂದ್ರದ ಮುದ್ರೆಯನ್ನೂ ಒತ್ತಿದೆ.

ಸರ್ಕಾರಿ ನೋಂದಣಿಯ ಪತ್ರದಲ್ಲಿ ಮೇ 9. ಲಗ್ನಪತ್ರಿಕೆಯಲ್ಲಿ ಮೇ 9. ನನ್ನ ಪತ್ರದಲ್ಲಿ ಮೇ 6. ದಾಖಲೆಗಳು ಪರಸ್ಪರ ಒಪ್ಪುವುದಿಲ್ಲ, ಈ ಮದುವೆ ನೈಜವೆಂದು ಮನವರಿಕೆಯಾಗಿಲ್ಲ ಎಂದು ಅರ್ಜಿ ತಿರಸ್ಕೃತವಾಯಿತು. ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಬೆಂಗಳೂರಿಗೆ ಓಡಾಟ. ಒಟ್ಟು ಹನ್ನೊಂದು ತಿಂಗಳು ಕಳೆದವು. ಆ ಅವಧಿಯಲ್ಲಿ ಆಕೆ ಪರದೇಶದ ಬಾಡಿಗೆ ಕೋಣೆಯಲ್ಲಿ ಜ್ವರದಿಂದ ಮಲಗಿದಾಗ ಒಂದು ಲೋಟ ಬಿಸಿನೀರು ಕೊಡುವವರಿರಲಿಲ್ಲ. ಇತ್ತ ಇವನು ಯಾವ ಮದುವೆ ಮನೆಗೆ ಹೋದರೂ, "ಏನಪ್ಪಾ, ಹೆಂಡ್ತಿ ಅಲ್ಲೇ ಉಳಿದುಬಿಟ್ಟಳಾ?" ಎಂಬ ಕುಹಕ. ಒಂದು ದಿನ ಅವನ ತಾಯಿ ಬಂದು, "ಫಾದರ್, ನಿಮ್ಮ ಮುಂದೆಯೇ ನಡೆದ ಮದುವೆ. ಅದು ನಿಜವೋ ಸುಳ್ಳೋ ಅಂತ ಬೇರೆ ಯಾರೋ ಹೇಳಬೇಕಾ?" ಎಂದು ಕೇಳಿದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಲೇಖನ ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ.

ಮೊದಲಿಗೆ, ಮದುವೆಯನ್ನು ಮದುವೆಯಾಗಿ ಮಾಡುವುದು ಯಾವುದು? ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ವಧೂವರರ ಪರಸ್ಪರ ಒಪ್ಪಿಗೆಯೇ ವಿವಾಹವನ್ನು ಉಂಟುಮಾಡುತ್ತದೆ. ಆ ಒಪ್ಪಿಗೆಯ ಸ್ಥಾನವನ್ನು ಯಾವ ಮಾನವ ಅಧಿಕಾರವೂ ತುಂಬಲಾರದು ಎಂದು 1983ರ ಧರ್ಮಸಭಾ ಕಾನೂನಿನ 1057ನೆಯ ವಿಧಿ ಹೇಳುತ್ತದೆ. ಗುರುವಾದ ನಾನು ಕೂಡ ಮದುವೆ 'ಮಾಡಿಸುವವನು' ಅಲ್ಲ. ಅವರ ಮಾತಿಗೆ ಧರ್ಮಸಭೆಯ ಪರವಾಗಿ ಸಾಕ್ಷಿ ನಿಲ್ಲುವವನು. ಅದೇ ಕಾನೂನಿನ 1151ನೆಯ ವಿಧಿಯ ಪ್ರಕಾರ, ನ್ಯಾಯವಾದ ಕಾರಣ ಬಿಡುಗಡೆ ನೀಡದ ಹೊರತು ಒಂದಾಗಿ ಬಾಳುವುದು ದಂಪತಿಗಳ ಹಕ್ಕು ಮಾತ್ರವಲ್ಲ, ಕರ್ತವ್ಯ.

ಇದು ಕ್ರೈಸ್ತರಿಗೆ ಮಾತ್ರ ಸೇರಿದ ವಿಚಾರವಲ್ಲ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಮನುಷ್ಯನು ಸ್ವಭಾವತಃ ನಗರದ ಜೀವಿಯಾಗಿರುವುದಕ್ಕಿಂತಲೂ ಹೆಚ್ಚಾಗಿ ಜೊತೆಗೂಡುವ ಜೀವಿ, ಕುಟುಂಬವು ರಾಜ್ಯಕ್ಕಿಂತ ಮೊದಲಿನದು ಎಂದು ವಾದಿಸುತ್ತಾನೆ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 16ನೆಯ ವಿಧಿಯೂ ಕುಟುಂಬವನ್ನು ಸಮಾಜದ ಸ್ವಾಭಾವಿಕ ಹಾಗೂ ಮೂಲಭೂತ ಘಟಕವೆಂದು ಕರೆಯುತ್ತದೆ. ವಲಸೆಗಾರರಿಗೆ ತಮ್ಮ ಕುಟುಂಬವು ಆದಷ್ಟು ಬೇಗ ಒಂದಾಗುವುದನ್ನು ಕಾಣುವ ಹಕ್ಕಿದೆ ಎಂದು 1983ರಲ್ಲಿ ವ್ಯಾಟಿಕನ್ ಹೊರಡಿಸಿದ ಕುಟುಂಬದ ಹಕ್ಕುಗಳ ಸನ್ನದು ಹೇಳಿತು.

ಆದರೆ ರಾಜ್ಯಕ್ಕೂ ಒಂದು ನ್ಯಾಯವಿದೆ. ತನ್ನ ಗಡಿಯೊಳಗೆ ಯಾರು ಬರುತ್ತಾರೆಂಬುದನ್ನು ವಿಚಾರಿಸುವುದು ಅದರ ಕರ್ತವ್ಯ. ದಂಪತಿಗಳ ಒಪ್ಪಿಗೆ ಹೃದಯದಲ್ಲಿದೆ. ಅಧಿಕಾರಿಯ ಮೇಜಿನ ಮೇಲಿರುವುದು ಕಾಗದ. ಒಳಮನಸ್ಸನ್ನು ಕುರಿತು ಧರ್ಮಸಭೆಯೂ ತೀರ್ಪು ಕೊಡುವುದಿಲ್ಲ ಎಂಬುದು ನಾವು ಗುರುಮಠದಲ್ಲಿ ಕಲಿತ ಹಳೆಯ ಸೂತ್ರ. ಹಾಗಿರುವಾಗ ಅಧಿಕಾರಿ ಏನು ಮಾಡಬೇಕು? ಹೊರಗಿನ ಗುರುತುಗಳಿಂದ ಒಳಗಿನ ಸತ್ಯವನ್ನು ಊಹಿಸಬೇಕು. ಈ ಊಹೆಯಲ್ಲಿಯೇ ಎಲ್ಲ ಸಂಕಟವೂ ಅಡಗಿದೆ.

ಈ ಸಂಕಟ ಹೊಸದಲ್ಲ. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಅವರ ಮುಂದೆ ಒಂದು ಮೊಕದ್ದಮೆ ತೀರ್ಮಾನವಾಯಿತು. ಹಸನ್ ಈಸಪ್ ಎಂಬ ಭಾರತೀಯನ ಪತ್ನಿ ಬಾಯಿ ಮರಿಯಂಳಿಗೆ ಆ ದೇಶದೊಳಗೆ ಬರಲು ಅನುಮತಿ ನಿರಾಕರಿಸಲಾಗಿತ್ತು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಯನ್ನು ಅಲ್ಲಿನ ಕಾನೂನು ಮಾನ್ಯ ಮಾಡಲಾರದೆಂದು ತೀರ್ಪಾಯಿತು. ಅಲ್ಲಿದ್ದ ಹಿಂದೂ, ಮುಸ್ಲಿಂ ಪತ್ನಿಯರೆಲ್ಲರ ಸ್ಥಾನ ಒಂದೇ ದಿನದಲ್ಲಿ ಅತಂತ್ರವಾಯಿತು. ಕ್ರೈಸ್ತ ವಿವಾಹಕ್ಕೆ ಆ ತೊಂದರೆ ಇರಲಿಲ್ಲ ಎಂಬುದನ್ನು ಕ್ರೈಸ್ತ ಗುರುವಾದ ನಾನು ಹೆಮ್ಮೆಯಿಂದ ಹೇಳಲಾರೆ. ನೆರೆಯವನ ಮದುವೆಯನ್ನು ಹೀಗಳೆದು ನಮ್ಮ ಮದುವೆಗೆ ದೊರೆಯುವ ಗೌರವ ಗೌರವವಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಇತರ ಸತ್ಯಾಗ್ರಹಿಗಳೊಡನೆ ಗಡಿ ದಾಟಿ ಬಂಧನಕ್ಕೊಳಗಾಗಿ ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. 1914ರ ಭಾರತೀಯ ಪರಿಹಾರ ಕಾಯಿದೆಯಲ್ಲಿ ಒಬ್ಬ ಪತ್ನಿಯ ವಿವಾಹಕ್ಕೆ ಮಾನ್ಯತೆ ಸಿಕ್ಕಿತು. ಗಂಡನ ಮನೆ ಸೇರುವ ಹಕ್ಕಿಗಾಗಿ ನಮ್ಮ ದೇಶದ ಹೆಣ್ಣುಮಕ್ಕಳು ಸೆರೆಮನೆಗೆ ಹೋದ ಇತಿಹಾಸವಿದು.

ಆ ಬಳಿಕವೂ ಅನುಮಾನ ಅಳಿಯಲಿಲ್ಲ. 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ, ನಿಶ್ಚಯವಾದ ವರನನ್ನು ವರಿಸಲೆಂದು ಬಂದಿಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು, ಅವರು ಅವಿವಾಹಿತೆಯೇ ಎಂದು ತಿಳಿಯುವ ನೆಪದಲ್ಲಿ ನಾಚಿಕೆಗೇಡಿನ ದೇಹ ತಪಾಸಣೆಗೆ ಒಳಪಡಿಸಲಾಯಿತು. ಸುದ್ದಿ ಹೊರಬಿದ್ದ ಮೇಲೆ ಪ್ರತಿಭಟನೆ ನಡೆದು ಆ ಪದ್ಧತಿ ನಿಂತಿತು. ಅದೇ ದೇಶದಲ್ಲಿ 1980ರ ದಶಕದಿಂದ ಜಾರಿಯಲ್ಲಿದ್ದ ಇನ್ನೊಂದು ನಿಯಮದ ಪ್ರಕಾರ, ತನ್ನ ಮದುವೆಯ ಮುಖ್ಯ ಉದ್ದೇಶ ಬ್ರಿಟನ್ ಪ್ರವೇಶವಲ್ಲ ಎಂದು ಅರ್ಜಿದಾರನೇ ಸಾಧಿಸಿ ತೋರಿಸಬೇಕಿತ್ತು. ಇಲ್ಲದ ಉದ್ದೇಶವನ್ನು ಇಲ್ಲವೆಂದು ಸಾಧಿಸುವುದು ಹೇಗೆ? ತರ್ಕಶಾಸ್ತ್ರ ಓದಿದವರೆಲ್ಲರಿಗೂ ಇದರ ಕಷ್ಟ ತಿಳಿದಿದೆ. 1997ರಲ್ಲಿ ಆ ನಿಯಮವನ್ನು ರದ್ದು ಮಾಡಲಾಯಿತು.

ತೀರ ಈಚಿನ ಒಂದು ತೀರ್ಪನ್ನೂ ನೋಡೋಣ. ಅಮೆರಿಕದ ಪ್ರಜೆಯಾದ ವಕೀಲೆ ಸಾಂಡ್ರಾ ಮುನ್ಯೋಸ್ ಅವರ ಪತಿ ಎಲ್ ಸಾಲ್ವಡಾರ್ ದೇಶದವರು. ವಲಸೆ ವೀಸಾದ ಸಂದರ್ಶನಕ್ಕೆಂದು 2015ರಲ್ಲಿ ಸ್ವದೇಶಕ್ಕೆ ಹೋದ ಅವರಿಗೆ ವೀಸಾ ನಿರಾಕರಿಸಲಾಯಿತು. ಅವರು ಅಪರಾಧಿ ಗುಂಪೊಂದಕ್ಕೆ ಸೇರಿದವರೆಂಬ ಶಂಕೆ ಅದಕ್ಕೆ ಕಾರಣವೆಂದು ಬಹಳ ಕಾಲದ ಮೇಲೆ ತಿಳಿದುಬಂತು. ಆ ಶಂಕೆಗೆ ಅವರ ಮೈಮೇಲಿನ ಹಚ್ಚೆಗಳೇ ಕಾರಣವೆಂದು ದಂಪತಿಗಳು ನಂಬಿದ್ದರು. ಆ ಹಚ್ಚೆಗಳಲ್ಲಿ ಒಂದು ಗ್ವಾದಲೂಪೆ ಮಾತೆಯ ಚಿತ್ರ! ಅವರು ನ್ಯಾಯಾಲಯದ ಮೆಟ್ಟಿಲೇರಿದರು. 2024ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಬಹುಮತದಿಂದ ಕೊಟ್ಟ ತೀರ್ಪು ಇದು: ಪರದೇಶದ ಸಂಗಾತಿಯನ್ನು ದೇಶದೊಳಗೆ ಕರೆತರುವುದು ಪ್ರಜೆಯ ಮೂಲಭೂತ ಸಾಂವಿಧಾನಿಕ ಹಕ್ಕಲ್ಲ. ಮದುವೆಯಾಗುವ ಹಕ್ಕುಂಟು, ಆ ಮದುವೆಯನ್ನು ಇದೇ ನೆಲದಲ್ಲಿ ಬಾಳುವ ಹಕ್ಕಿಲ್ಲ ಎಂದಂತಾಯಿತು. ಪ್ರಕೃತಿ ನಿಯಮ ಕೊಡುವ ಹಕ್ಕಿಗೂ ರಾಜ್ಯ ಒಪ್ಪುವ ಹಕ್ಕಿಗೂ ನಡುವೆ ಎಷ್ಟು ದೂರವಿದೆಯೆಂಬುದು ಇದರಿಂದ ವೇದ್ಯವಾಗುತ್ತದೆ.

ಇನ್ನು ಪ್ರಕ್ರಿಯೆಯ ವಿಚಾರ. ನಮ್ಮ ಕುಟುಂಬಗಳು ಹೆಚ್ಚಾಗಿ ಕೇಳುವುದು ಅಮೆರಿಕ, ಬ್ರಿಟನ್ ಮತ್ತು ಕೊಲ್ಲಿ ದೇಶಗಳ ಬಗ್ಗೆ. ಅಮೆರಿಕದಲ್ಲಿರುವ ಪತಿ ಅಥವಾ ಪತ್ನಿ ಮೊದಲು 'ಐ-130' ಎಂಬ ಮನವಿಯನ್ನು ಸಲ್ಲಿಸಬೇಕು. ಅದು ಮಂಜೂರಾದ ಮೇಲೆ ಕಡತ ಅಲ್ಲಿನ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಸಂಗಾತಿಯನ್ನು ಸಾಕುವ ಶಕ್ತಿ ತನಗಿದೆ, ತನ್ನ ಆದಾಯ ಸರ್ಕಾರ ಗೊತ್ತುಪಡಿಸಿದ ಬಡತನದ ಮಟ್ಟದ ಶೇಕಡ 125ಕ್ಕೆ ಕಡಿಮೆಯಿಲ್ಲ ಎಂದು ಪ್ರಾಯೋಜಕರು ಸಾಮಾನ್ಯವಾಗಿ ಬರೆದುಕೊಡಬೇಕಾಗುತ್ತದೆ. ಇಲ್ಲಿರುವವರು ಪೊಲೀಸ್ ದೃಢೀಕರಣ ಪತ್ರ, ಜನನ ಮತ್ತು ವಿವಾಹದ ದಾಖಲೆ, ಗೊತ್ತುಪಡಿಸಿದ ವೈದ್ಯರಿಂದ ತಪಾಸಣೆ ಇವೆಲ್ಲವನ್ನೂ ಮುಗಿಸಿ ಮುಂಬಯಿಯ ದೂತಾವಾಸದಲ್ಲಿ ಸಂದರ್ಶನಕ್ಕೆ ಹಾಜರಾಗಬೇಕು. ಕರೆಸುವವರು ಅಲ್ಲಿನ ಪ್ರಜೆಯಾಗಿದ್ದರೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ. ಹಸಿರು ಕಾರ್ಡಿನವರಾಗಿದ್ದರೆ ಸರದಿಗೆ ಕಾಯಬೇಕು. ಪ್ರವೇಶದ ವೇಳೆಗೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲು ಎರಡು ವರ್ಷಗಳ ಷರತ್ತಿನ ವಾಸವಷ್ಟೇ ದೊರೆಯುತ್ತದೆ. ಆ ಅವಧಿಯ ಕೊನೆಯ 90 ದಿನಗಳೊಳಗೆ ಇಬ್ಬರೂ ಸೇರಿ ಮತ್ತೆ ಅರ್ಜಿ ಸಲ್ಲಿಸಬೇಕು. ಕಪಟ ವಿವಾಹಗಳನ್ನು ತಡೆಯಲೆಂದು 1986ರಲ್ಲಿ ಮಾಡಿದ ಕಾನೂನು ಇದು.

ಬ್ರಿಟನ್ನಿನಲ್ಲಿ ನೆಲೆಸಿದವರು ಸಂಗಾತಿಯನ್ನು ಕರೆಸಲು ಇರಬೇಕಾದ ವಾರ್ಷಿಕ ಆದಾಯವನ್ನು 2012ರಲ್ಲಿ 18,600 ಪೌಂಡ್ ಎಂದು ನಿಗದಿಪಡಿಸಿದ್ದರು. 2024ರ ಏಪ್ರಿಲ್ 11ರಂದು ಅದನ್ನು 29,000ಕ್ಕೆ ಏರಿಸಿದರು. ಅದೇ ವರ್ಷದ ಮಾರ್ಚ್ 11ರಿಂದ, ಹೊಸದಾಗಿ ಅಲ್ಲಿಗೆ ಹೋಗುವ ಆರೈಕೆ ಕೆಲಸಗಾರರು ಸಂಗಾತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. ಶುಶ್ರೂಷಕಿಯರಿಗೆ ಈ ನಿರ್ಬಂಧ ಅನ್ವಯಿಸಲಿಲ್ಲ. ಮಧ್ಯವರ್ತಿಗಳು 'ನರ್ಸ್ ಕೆಲಸ' ಎಂದು ಹೇಳಿ ಆರೈಕೆ ಕೆಲಸಕ್ಕೆ ಕಳುಹಿಸಿದರೆ ಇಡೀ ಸಂಸಾರದ ಲೆಕ್ಕವೇ ತಲೆಕೆಳಗಾಗುತ್ತದೆ; ಆದ್ದರಿಂದ ಕರಾರುಪತ್ರದಲ್ಲಿ ಹುದ್ದೆಯ ಹೆಸರನ್ನು ಓದದೆ ಸಹಿ ಹಾಕಬಾರದು. ಕೊಲ್ಲಿ ದೇಶಗಳಲ್ಲಿ ಸಂಬಳದ ಮಟ್ಟವೇ ಬಾಗಿಲು: ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕುಟುಂಬವನ್ನು ಕರೆಸಲು ತಿಂಗಳಿಗೆ 4,000 ದಿರಹಂ, ಅಥವಾ ವಸತಿಯೊಂದಿಗೆ 3,000 ದಿರಹಂ ಇರಬೇಕೆಂಬುದು ರೂಢಿಯ ನಿಯಮ. ಜೊತೆಗೆ ನಮ್ಮ ವಿವಾಹಪತ್ರಕ್ಕೆ ರಾಜ್ಯ ಸರ್ಕಾರದ, ವಿದೇಶಾಂಗ ಮಂತ್ರಾಲಯದ ಮತ್ತು ಆ ದೇಶದ ರಾಯಭಾರ ಕಚೇರಿಯ ದೃಢೀಕರಣಗಳು ಬೇಕು.

ಇವೆಲ್ಲ ಓದಿದವರ ವ್ಯವಹಾರ, ನಮಗೇಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಆರಂಭವಾದಾಗ ಅಲ್ಲಿ ಸಿಲುಕಿದವರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಆಫ್ರಿಕದವರೆಗೆ ಹೋಗುವ ಜನ ಅವರು. 'ಆಪರೇಷನ್ ಕಾವೇರಿ'ಯ ಮೂಲಕ ಸರ್ಕಾರ ಭಾರತೀಯರನ್ನು ಕರೆತಂದಾಗ ಪಾಸ್‌ಪೋರ್ಟ್ ಎಂಬ ಪುಟ್ಟ ಪುಸ್ತಕದ ಬೆಲೆ ಏನೆಂದು ನಮ್ಮ ಜಿಲ್ಲೆಯೇ ಕಂಡಿತು.

ಅನುಮಾನಕ್ಕೆ ನಮ್ಮವರ ಕೊಡುಗೆಯೂ ಇದೆ ಎಂಬುದನ್ನು ಮರೆಮಾಚಬಾರದು. ವೀಸಾವನ್ನೇ ವರದಕ್ಷಿಣೆಯ ತಕ್ಕಡಿಯಲ್ಲಿಟ್ಟು ತೂಗುವ ಮನೆತನಗಳಿವೆ. ಹದಿನೈದು ದಿನಗಳ ರಜೆಯಲ್ಲಿ ಬಂದು, ಹುಡುಗಿ ನೋಡಿ, ತಾಳಿ ಕಟ್ಟಿ, 'ಕಾಗದ ಕಳುಹಿಸುತ್ತೇನೆ' ಎಂದು ಹೋದವರು ಕಾಗದವನ್ನೂ ಕಳುಹಿಸದೆ ಕರೆಯನ್ನೂ ಸ್ವೀಕರಿಸದೆ ಹೆಣ್ಣುಮಕ್ಕಳನ್ನು ನಡುನೀರಿನಲ್ಲಿ ಬಿಟ್ಟಿದ್ದಾರೆ. ಇಲ್ಲಿ ನಡೆದ ಮದುವೆಯನ್ನು ಪರದೇಶದ ನ್ಯಾಯಾಲಯ ಮನಬಂದಂತೆ ಮುರಿಯಲಾಗದೆಂದು ನಮ್ಮ ಸುಪ್ರೀಂ ಕೋರ್ಟು 1991ರಲ್ಲಿ ನರಸಿಂಹರಾವ್ ಪ್ರಕರಣದಲ್ಲಿ ಹೇಳಿತು. ಎಲ್ಲ ಧರ್ಮದವರ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು 2006ರಲ್ಲಿ ನಿರ್ದೇಶಿಸಿತು. ಅನಿವಾಸಿ ಭಾರತೀಯರ ಮದುವೆಗಳ ಕಡ್ಡಾಯ ನೋಂದಣಿಯನ್ನು ಕಾನೂನು ಆಯೋಗವು 2024ರ ಫೆಬ್ರವರಿಯಲ್ಲಿ ತನ್ನ 287ನೆಯ ವರದಿಯಲ್ಲಿ ಮತ್ತೆ ಒತ್ತಿ ಹೇಳಿದೆ. ನಮ್ಮ ದೇಶವೂ ಪರದೇಶದ ಸಂಗಾತಿಗಳನ್ನು ಹೀಗೆಯೇ ಪರೀಕ್ಷಿಸುತ್ತದೆ: ವಿವಾಹ ನೋಂದಣಿಯಾಗಿ ಎರಡು ವರ್ಷ ನಿರಂತರವಾಗಿ ಬಾಳಿದ ನಂತರವೇ ಸಾಗರೋತ್ತರ ಭಾರತೀಯ ಪ್ರಜೆ ಎಂಬ ಚೀಟಿಗೆ ಅರ್ಜಿ ಹಾಕಬಹುದು.

ಹಾಗೆ ನೋಡಿದರೆ ನಾನೂ ಒಬ್ಬ ವಿಚಾರಣಾಧಿಕಾರಿಯೇ. ಮದುವೆಗೆ ಮುನ್ನ ವಧುವನ್ನೂ ವರನನ್ನೂ ಬೇರೆಬೇರೆಯಾಗಿ ಕೂರಿಸಿ, 'ಯಾರ ಬಲವಂತವೂ ಇಲ್ಲವಷ್ಟೆ? ಏನನ್ನಾದರೂ ಮುಚ್ಚಿಟ್ಟಿದ್ದೀಯಾ?' ಎಂದು ಕೇಳಿ ಬರೆದುಕೊಳ್ಳುತ್ತೇನೆ. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಿ, ಅಡ್ಡಿ ಬಲ್ಲವರು ತಿಳಿಸಿರೆಂದು ಬೇಡುತ್ತೇನೆ. ಈ ಪ್ರಶ್ನೆಗಳಿಂದ ಯಾರೂ ಅವಮಾನಿತರಾಗುವುದಿಲ್ಲ. ಪ್ರಶ್ನಿಸುವವನು ಅವರ ಮದುವೆ ನೆಲೆಗೊಳ್ಳಲಿ ಎಂದು ಬಯಸುತ್ತಾನೆಂಬುದು ಅವರಿಗೆ ಗೊತ್ತಿರುವುದೇ ಇದಕ್ಕೆ ಕಾರಣ. ವಿಚಾರಣೆ ತಪ್ಪಲ್ಲ, ಸುಳ್ಳೆಂದು ಮೊದಲೇ ತೀರ್ಮಾನಿಸಿಕೊಂಡು ನಡೆಸುವ ವಿಚಾರಣೆ ತಪ್ಪು.

ಆದ್ದರಿಂದ ಆ ತಾಯಿಗೆ ನನ್ನ ಉತ್ತರ ಇದು: "ಅಮ್ಮಾ, ನಿಮ್ಮ ಮಗನ ಮದುವೆ ಅವನೂ ಅವಳೂ ಆಡಿದ ಮಾತಿನಿಂದಲೇ ಆಗಿದೆ. ಅದನ್ನು ಯಾವ ಕಚೇರಿಯೂ ಮಾಡಿಲ್ಲ, ಯಾವ ಕಚೇರಿಯೂ ಅಳಿಸಲಾರದು. ಆದರೆ ದೂರದಲ್ಲಿರುವವನು ಆ ಮಾತನ್ನು ಕೇಳಿಸಿಕೊಂಡಿಲ್ಲ. ಅವನಿಗೆ ನಮ್ಮ ಕಾಗದವೇ ಕಿವಿ. ಆ ಕಿವಿಗೆ ತಪ್ಪು ಹೇಳಿದವನು ನಾನು."

ವಾಚಕ ಮಿತ್ರರಲ್ಲಿ ಕೆಲವು ಬಿನ್ನಹಗಳಿವೆ. ಮಗುವಿನ ಹೆಸರನ್ನು ಜ್ಞಾನಸ್ನಾನದ ಪುಸ್ತಕ, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಎಲ್ಲದರಲ್ಲೂ ಒಂದೇ ರೀತಿ ಬರೆಸಿರಿ. ಇಲ್ಲಿ ಮರಿಯಮ್ಮ, ಅಲ್ಲಿ ಮೇರಿ ಎಂದಾದರೆ ಮುಂದೆ ಒಬ್ಬಳೇ ಹುಡುಗಿ ಇಬ್ಬರಾಗುತ್ತಾಳೆ. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ತಿಳಿಯದು' ಎಂಬರ್ಥದ ಅಕ್ಷರಗಳು ಬೀಳುತ್ತವೆ; ಆದ್ದರಿಂದ ಹೆಸರನ್ನೂ ಮನೆತನದ ಹೆಸರನ್ನೂ ಆರಂಭದಲ್ಲಿಯೇ ಬಿಡಿಸಿ ಬರೆಸುವುದು ಒಳಿತು. ಚರ್ಚಿನ ಮದುವೆಗೆ ಸರ್ಕಾರಿ ನೋಂದಣಿಯನ್ನೂ ತಡಮಾಡದೆ ಮಾಡಿಸಿರಿ. ಸಂದರ್ಶನದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿರಿ. ಮಧ್ಯವರ್ತಿ ಕಲಿಸಿದ ಸುಳ್ಳು ನಿಜವಾದ ಮದುವೆಯನ್ನೂ ಸುಳ್ಳು ಮಾಡುತ್ತದೆ. ಕಾಯುತ್ತಿರುವ ಸೊಸೆಯನ್ನಾಗಲಿ ಅಳಿಯನನ್ನಾಗಲಿ ಕುಹಕದ ಮಾತಿನಿಂದ ಇರಿಯಬೇಡಿರಿ.

ಎರಡನೆಯ ಅರ್ಜಿಯೊಡನೆ ನಾನು ಪುಸ್ತಕದ ಆ ಪುಟದ ಪ್ರತಿಯನ್ನೂ, ತಪ್ಪು ನನ್ನದೆಂದು ಒಪ್ಪಿಕೊಂಡ ಪತ್ರವನ್ನೂ ಧರ್ಮಾಧ್ಯಕ್ಷರ ಕಚೇರಿಯ ಮುದ್ರೆಯೊಂದಿಗೆ ಲಗತ್ತಿಸಿದೆ. ಕನ್ನಡದ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದು ವ್ಯತ್ಯಾಸವನ್ನೂ ತೋರಿಸಿದೆ. ವೀಸಾ ಬಂತು. ಹೊರಡುವ ಹಿಂದಿನ ದಿನ ಆ ತರುಣ ಆಶೀರ್ವಾದಕ್ಕೆ ಬಂದಾಗ ನಾನು ಕ್ಷಮೆ ಕೇಳಿದೆ. "ಬಿಡಿ ಫಾದರ್, ಈಗ ಆ ತಾರೀಖು ನಮ್ಮಿಬ್ಬರಿಗೂ ಎಂದಿಗೂ ಮರೆಯೋದಿಲ್ಲ" ಎಂದು ಅವನು ನಕ್ಕ. ನಾನು ನಗಲಿಲ್ಲ, ಹನ್ನೊಂದು ತಿಂಗಳು ಸಣ್ಣ ಕಾಲವಲ್ಲ.

ಅಂದಿನಿಂದ ನಮ್ಮ ಧರ್ಮಕೇಂದ್ರದಲ್ಲಿ ಮದುವೆಯ ದಿನ ಸಹಿ ಹಾಕುವ ಮುನ್ನ ಹೆಸರು, ದಿನಾಂಕಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ವಧೂವರರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಊಟಕ್ಕೆ ಹೊತ್ತಾಯಿತೆಂದು ಬಂಧುಗಳು ಬಾಗಿಲಲ್ಲಿ ನಿಂತು ಚಡಪಡಿಸುತ್ತಾರೆ. ಚಡಪಡಿಸಲಿ, ಐದು ನಿಮಿಷ ತಡವಾದರೆ ಅನ್ನ ಆರಬಹುದು, ಅಷ್ಟೇ.